ಒಡೆದ ಹಾಲಿನ ಲೆಕ್ಕ

ಆನಂದಪುರದಿಂದ ಮೂರು ಮೈಲಿ, ನಮ್ಮ ಹಾಲಿನ ಡಿಪೋ.
ಫ್ಯಾಟು, ಡಿಗ್ರಿ, ಲೀಟರು ಬರೆಯುವ ಪುಸ್ತಕದ ಮೇಲೆ
ಗೋಡಾಕ್ಟರು ನಿಸಾರ್ ಸಾಹೇಬರು ತಂದಿಟ್ಟರು
ಕೆಂಪು ಮೇಣ ಹೊದ್ದ ಒಂದು ಚೀಸಿನ ಗುಂಡು.
ತರಬೇತಿಗೆ ಹೋದ ಸ್ವಿಸ್ ಊರಿನಲ್ಲಿ
ಒಬ್ಬ ಗೌಳಿ ಕೊಟ್ಟದ್ದಂತೆ, 'ನಿಮ್ಮ ಹಾಲಿನವರಿಗೆ' ಅಂತ.
ಡಬ್ಬಿಯ ಮೇಲೊಂದು ಹಸು, ಕೊರಳಲ್ಲಿ ಬಿಂದಿಗೆಯಷ್ಟು ಗಂಟೆ.
"ಪಾಪ, ತಲೆ ಎತ್ತೋದಾದ್ರೂ ಹ್ಯಾಗೆ" ಅಂದರು ಹೂವಮ್ಮ.
ಅವರ ಗಿಡ್ಡ ಹಸು ಕೆಂಪಿಯ ಕೊರಳಿಗೆ ಮರದ ದೊಂಟೆ;
ಕರೆಯುವುದು ಹೊತ್ತಿಗೊಂದು ಸೇರು,
ಅದೂ ಅದಕ್ಕೆ ಮನಸ್ಸು ಬಂದರೆ.

ಕೊಯ್ಯಲು ಚಾಕು ಇರಲಿಲ್ಲ.
ಹೂ ಕಟ್ಟುವ ದಾರ ಸುತ್ತಿ ಎಳೆದೆ.
ಒಳಗೆ ಬೆಣ್ಣೆಬಣ್ಣ, ಅಲ್ಲಲ್ಲಿ ತೂತು.
"ಅಷ್ಟು ದೂರದಿಂದ ತೂತು ಹೊತ್ತು ತಂದ್ರಾ?"
ಎಂದ ಕ್ಯಾನು ಎತ್ತುವ ತಿಮ್ಮೇಶ.
"ಎಲ್ಲರ ಮನೆ ದೋಸೆ..." ಎಂದು ಯಾರೋ ಶುರುಮಾಡಿ
ನಗು ಬಂದು ಅರ್ಧಕ್ಕೆ ಬಿಟ್ಟರು.

ಕಾಮಾಕ್ಷಮ್ಮ ಸೆರಗು ಮೂಗಿಗೆ ಹಿಡಿದು ಕೇಳಿದರು:
ಹೆಪ್ಪಿಗೆ ಏನು ಹಾಕುತ್ತಾರೆ?
ಡಾಕ್ಟರು ತುಸು ತಡೆದರು. ಸುಳ್ಳು ಅವರಿಗೆ ಒಗ್ಗದು.
ಹಿಂದಿನಿಂದ ಬಂದದ್ದು ಎಳೆಗರುವಿನ ಹೊಟ್ಟೆಯ ಪದರ;
ಇದಕ್ಕೆ ಒಂದು ಬಗೆಯ ಬೂಷ್ಟು, ಬರೆದಿದೆ ನೋಡಿ, ಅಂದರು.
ಕಾಮಾಕ್ಷಮ್ಮ ಎದ್ದು ನಡೆದರು,
ಕರುವಿಗೋ ಬೂಷ್ಟಿಗೋ ಹೇಳಲಿಲ್ಲ.

ಅಲ್ಲಿ ತಾಮ್ರದ ಹಂಡೆಯಂತೆ. ನಿನ್ನೆ ಸೋಸಿದ ನೀರಿನಲ್ಲಿ
ತುಸು ಉಳಿಸಿ ಇಂದಿನ ಹಾಲಿಗೆ ಬೆರೆಸುವುದಂತೆ,
ಅಜ್ಜನ ಅಜ್ಜ ಉಳಿಸಿದ್ದು ಇನ್ನೂ ಮುಗಿದಿಲ್ಲವಂತೆ.
"ನಂದೂ ಹಂಗೇಯ" ಅಂದರು ಹೂವಮ್ಮ.
"ನನ್ನ ಹೆಪ್ಪು ಅತ್ತೆಯದ್ದು, ಅತ್ತೆಗೆ ಅವರತ್ತೆಯದ್ದು.
ಒಂದೇ ಸಲ ತಪ್ಪಿತ್ತು. ದೀಪ ಹಚ್ಚಿ ಆಗಿತ್ತು,
ಆಮೇಲೆ ಯಾರು ಹೆಪ್ಪು ಕೊಡ್ತಾರೆ?
ಒಣಮೆಣಸಿನ ತೊಟ್ಟು ಹಾಕಿ ಮತ್ತೆ ಹಿಡಿದೆ."

ಇನ್ನೊಂದು ಕಣಿವೆಯ ಸುದ್ದಿ ಹೇಳಿದರು ಡಾಕ್ಟರು:
ಮಗು ಹುಟ್ಟಿದ ದಿನ ಗಾಲಿಯಂಥ ಚೀಸು ಮಾಡಿ
ನೆಲಮಾಳಿಗೆಯಲ್ಲಿ ಇಟ್ಟುಬಿಡುತ್ತಿದ್ದರಂತೆ.
ತಿರುವುತ್ತ, ಒರೆಸುತ್ತ, ಇಡೀ ಆಯುಷ್ಯ.
ಕೊಯ್ಯುವುದು ಆ ಮಗು ಮುದುಕಾಗಿ ಸತ್ತ ದಿನ.
"ಹಂಗಾರೆ ತಿನ್ನೋರು ಬ್ಯಾರೆಯೋರು"
ಎಂದ ತಿಮ್ಮೇಶ. ಯಾರೂ ನಗಲಿಲ್ಲ.

ನಮ್ಮ ಪಾಲಿಗೆ ಬಂದದ್ದು ಅಷ್ಟು ಹಳೆಯದಲ್ಲ,
ಮೂರು ತಿಂಗಳ ಕೂಸು.
ಉಪ್ಪಿದೆಯೋ ಇಲ್ಲವೋ ಎನ್ನುವಷ್ಟು ಸಪ್ಪೆ,
ನುಂಗಿದ ಮೇಲೆ ನಾಲಿಗೆಯಂಚಿಗೆ ತುಸು ಸಿಹಿ.
ಹೂವಮ್ಮ ಕಣ್ಣು ಮುಚ್ಚಿ ಅಗಿದರು. ಬಹಳ ಹೊತ್ತು ಅಗಿದರು.

"ನಾನು ಮದುವೆಯಾಗಿ ಬಂದ ಮೂರನೇ ದಿನ
ಒಲೆ ಮೇಲೆ ಹಾಲು ಒಡೀತು.
ಕಾಲ್ಗುಣ ಅಂದ್ರು. ಆರು ತಿಂಗಳು ಒಲೆ ಮುಟ್ಟಗೊಡಲಿಲ್ಲ.
ತಿಪ್ಪೆಗೆ ಚೆಲ್ಲು ಅಂತ ಪಾತ್ರೆ ಕೊಟ್ಟಿದ್ರು.
ಕೊಟ್ಟಿಗೆ ಕತ್ತಲಲ್ಲಿ ನಿಂತು ಅಷ್ಟೂ ತಿಂದೆ.
ಹಸಿವಿತ್ತು.
ಹೆಚ್ಚುಕಡಿಮೆ ಇದೇ ರುಚಿ.
ಇದನ್ನ ಡಬ್ಬೀಲಿಟ್ಟು ಕೊಡಬಹುದು ಅಂತ
ಗೊತ್ತಿರಲಿಲ್ಲ ನೋಡಿ."

ಹನ್ನೆರಡು ವರ್ಷದಿಂದ ಟೆಸ್ಟರು ನಾನು.
ಕಾಯಿಸಿ ನೋಡುವ ಗಾಜಿನ ನಳಿಕೆಯಲ್ಲಿ
ಹಾಲು ಚೂರುಚೂರಾಗುವುದನ್ನು
ಎಷ್ಟು ಸಾವಿರ ಸಲ ನೋಡಿದ್ದೇನೋ.
ಪ್ರತಿ ಸಲವೂ ಕೆಂಪು ಶಾಯಿ: ಹುಳಿ, ವಾಪಸ್ಸು.
ತಂದವರ ಮುಖವನ್ನು ಮಾತ್ರ ನೋಡುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಹೊಸ ಸೊಸೆ ರೇಣುಕೆಯ ಕ್ಯಾನು.
ನಳಿಕೆಯಲ್ಲಿ ಹಾಲು ಒಡೆಯಿತು.
ಪೆನ್ನು ತುಸು ನಿಂತಿತು, ಆಮೇಲೆ ಬರೆದೆ.
ಡೈರಿಯ ನಿಯಮ ನನ್ನದಲ್ಲ.
ರೇಣುಕೆ ಕ್ಯಾನು ಎತ್ತಿಕೊಂಡು ಚರಂಡಿಯ ಕಡೆ ತಿರುಗಿದಳು.

"ಏ ಹುಡುಗಿ, ಇತ್ಲಾಗೆ ತಾ" ಅಂದರು ಹೂವಮ್ಮ.
ಹಳೆಯ ಪಂಚೆಯ ತುಂಡು ಅವರ ಬುಟ್ಟಿಯಲ್ಲೇ ಇತ್ತು.
ಅಂದರೆ, ಮನೆಯಿಂದ ಹೊರಡುವಾಗಲೇ ತಂದಿದ್ದರು.
"ನಮ್ಮನೆ ಬೀಸುಕಲ್ಲು ಸುಮ್ನೆ ಕೂತಿದೆ.
ಮೇಲಿಡಾಕೆ ಬಾ, ಒಬ್ಬಳಿಂದ ಎತ್ತಾಕಾಗಲ್ಲ."